ಸೊನ್ನೆ ಹಾಕಿದವಳು

ಹೊದಿಕೆಯ ಅಂಚನ್ನು ಎರಡು ಬೆರಳು ಚಿವುಟಿ ಎತ್ತುತ್ತಿವೆ, ಎಡಗೈಯ ಬೆರಳುಗಳು, ಬಲತೋಳಿನ ಮೇಲಿಂದ ಬಟ್ಟೆ ಸರಿಸುತ್ತವೆ, ನಾನು ಮತ್ತೆ ಹೊದಿಸುತ್ತೇನೆ, ಚಳಿಯಾಗುತ್ತೆ ಕಣ್ರೀ ಸುಮ್ನಿರಿ, ಮತ್ತೆ ಸರಿಸುತ್ತವೆ, ಬೆಳಗಿನಿಂದ ಇದೇ ಆಗಿದೆ — ಪಾರ್ಶ್ವವಾಯು ಬಡಿದು ಇಪ್ಪತ್ತು ದಿನ, ಬಲಭಾಗ ಬಿದ್ದುಹೋಗಿದೆ, ಮಾತು ನಿಂತಿದೆ, ನನ್ನ ಗಂಡ, ಇವರು ಬಾಯಿ ಮುಚ್ಚಿ ಕೂತದ್ದನ್ನು ಅದಕ್ಕೆ ಮೊದಲು ನಾನು ಕಂಡೇ ಇಲ್ಲ, ಏನಮ್ಮಾ ನೋವಿನ ಡಾಕ್ಟ್ರೇ, ನನ್ನ ತಲೆನೋವಿಗೆ ಹತ್ತಕ್ಕೆ ಹನ್ನೊಂದು ಹಾಕ್ಕೋ, ಕಾಫಿ ಕೊಟ್ರೆ ಒಂಬತ್ತಕ್ಕೆ ಇಳಿಸ್ತೀನಿ ಅನ್ನುತ್ತಿದ್ದವರು — ನರ್ಸ್ ಬಂದಳು, ಕೈಯಲ್ಲಿ ನೋವಿನ ಹಾಳೆ, ಸರ್, ಸೊನ್ನೆಯಿಂದ ಹತ್ತರೊಳಗೆ ನೋವು ಎಷ್ಟಿದೆ ಹೇಳಿ, ಅವರು ಬಾಯಿ ತೆರೆಯುತ್ತಾರೆ, ತ, ತ, ತ, ಅವಳು ಗಡಿಯಾರ ನೋಡುತ್ತಾ ಹತ್ತು ಸೆಕೆಂಡು ಕಾಯುತ್ತಾಳೆ, ಸೊನ್ನೆ ಎಂದು ಬರೆಯುತ್ತಾಳೆ. ಸೊನ್ನೆಗೆ ಮಾತ್ರೆ ಇಲ್ಲ. ಅವಳ ತಪ್ಪೇನೂ ಇಲ್ಲ, ಆ ಹತ್ತು ಸೆಕೆಂಡು ನನ್ನದು, ಆ ಸೊನ್ನೆಯೂ ನನ್ನದೇ.

ಹದಿನೆಂಟು ವರ್ಷದ ಹಿಂದೆ, ನೆಲಮಾಳಿಗೆಯಲ್ಲಿ ನನ್ನ ನೋವಿನ ಸಂಶೋಧನೆಯ ಪ್ರಯೋಗಾಲಯ, ಸ್ಕ್ಯಾನಿಂಗ್ ಯಂತ್ರದ ಗೊರಗೊರ, ಮಾತು ಕಳೆದುಕೊಂಡ ನಲವತ್ತೊಂದು ಮಂದಿ ರೋಗಿಗಳು, ಅಂಕಿ ಹೇಳಲಾಗದವರು, ಇವರ ಕಾಲಮ್ಮಿನಲ್ಲಿ ಏನು ತುಂಬಲಿ ಮೇಡಂ ಎಂದು ಶಿಷ್ಯ ಕೇಳಿದ, ನಗುವ, ಅಳುವ ಮುಖಗಳ ಚಿತ್ರ ತೋರಿಸಿ ಇದಾ ಇದಾ ಎಂದು ಕೇಳಬಹುದಿತ್ತು, ಯಾರಿಗಿತ್ತು ಪುರುಸೊತ್ತು, ಹತ್ತು ಸೆಕೆಂಡು ಕಾಯಿ, ಹೇಳದಿದ್ರೆ ಖಾಲಿ ಬಿಡ್ಬೇಡಪ್ಪಾ ಸೊನ್ನೆ ಹಾಕು ಎಂದೆ — ನಲವತ್ತೊಂದು ಸೊನ್ನೆಗಳ ಮೇಲೆ ನನ್ನ ಹೆಸರು ನಿಂತಿತು, ಮಾತು ಹೋದವರಲ್ಲಿ ನೋವು ಅಪರೂಪ ಎಂದು ಬರೆದೆ, ಸಮ್ಮೇಳನದಲ್ಲಿ ಚಪ್ಪಾಳೆ ತಟ್ಟಿದರು, ಆಸ್ಪತ್ರೆಗಳು ಅದನ್ನೇ ನಿಯಮ ಮಾಡಿಕೊಂಡವು. ಅವರಲ್ಲೊಬ್ಬ ಟೈಲರ್ ಇದ್ದ, ಎರಡು ಬೆರಳಿನಿಂದ ಹೊದಿಕೆ ಎತ್ತಿ ಎತ್ತಿ ಸರಿಸುತ್ತಿದ್ದ, ಬಟ್ಟೆ ತಾಗಿದ್ರೆ ಉರಿಯುತ್ತೇನೋ ಮೇಡಂ, ಅವನ ಹೆಂಡತಿ ಅಂಜುತ್ತಾ ಅಂದಳು, ನಾನು ನಕ್ಕೆ, ಟೈಲರ್ ಅಲ್ವೇನಮ್ಮಾ, ಬಟ್ಟೆ ಕಂಡ್ರೆ ಕೈ ಸುಮ್ನಿರಲ್ಲ, ಎಲ್ಲರೂ ನಕ್ಕರು, ದೊಡ್ಡವರು ನಗುತ್ತಿದ್ದಾರಲ್ಲ ಎಂದು ಅವಳೂ ನಕ್ಕಳು. ಥೂ, ನನ್ನ ಬಾಯಿಗಿಷ್ಟು.

ಗಂಡನ ಹಾಸಿಗೆ ಬಿಟ್ಟು ಓಡಿದೆ, ಹಜಾರದಲ್ಲಿ ಅದೇ ಶಿಷ್ಯ, ಈಗ ಇಲ್ಲಿಯ ದೊಡ್ಡ ಡಾಕ್ಟರು, ಅವರಿಗೆ ನೋವಿದೆ ಕಣಪ್ಪಾ, ಬಟ್ಟೆ ತಾಗಿದ್ರೆ ಉರಿಯುತ್ತೆ, ಮಾತ್ರೆ ಬರಿ ಎಂದೆ, ಮೇಡಂ, ಇಪ್ಪತ್ತು ದಿನವೂ ಹಾಳೇಲಿ ಸೊನ್ನೆ ಇದೆ ಅಂದ, ಹಾಳೆ ಬಿಡೋ, ಕೈ ನೋಡು, ಕೈ ಸುಮ್ನೆ ಚಡಪಡಿಸುತ್ತೆ ಮೇಡಂ, ಇಂಥವರಲ್ಲಿ ನೋವು ಅಪರೂಪ, ನೀವೇ ಬರೆದಿದ್ದೀರಲ್ಲ, ಮನೆಯವರಿಗೆ ಹಾಗನ್ನಿಸೋದು ಸಹಜ, ನೀವೂ ಸ್ವಲ್ಪ ಮಲಗಿ — ಮೆಲ್ಲಗೆ ನಕ್ಕ, ಮತ್ತೆ ನಾನು, ಅಯ್ಯೋ ನಾನು, ನಾನೂ ನಕ್ಕೆ.

ಮರಳಿ ಬಂದರೆ ನರ್ಸ್ ಹೊದಿಕೆಯನ್ನು ಹಾಸಿಗೆಯಡಿ ಬಿಗಿಯಾಗಿ ಸಿಕ್ಕಿಸಿ ಹೋಗಿದ್ದಾಳೆ, ಬೆರಳುಗಳಿಗೆ ಅಂಚು ಸಿಗುತ್ತಿಲ್ಲ, ಕಿತ್ತು ಎಸೆದೆ, ಅಂಗಿಯ ತೋಳನ್ನು ಭುಜದವರೆಗೆ ಕತ್ತರಿಸಿದೆ, ನೋಡ್ರೀ, ಏನೂ ತಾಗ್ತಿಲ್ಲ ಈಗ, ಈಗ ಎಷ್ಟು, ಹನ್ನೊಂದಾ, ಒಂಬತ್ತಾ, ನನ್ನ ಮುಖವನ್ನೇ ನೋಡುತ್ತಿದ್ದಾರೆ, ತ, ತ, ತ, ಬಲತೋಳು ಬರಿದಾಗಿದೆ, ತೆಗೆಯಲು ಇನ್ನೇನೂ ಉಳಿದಿಲ್ಲ, ಆದರೂ ಎರಡು ಬೆರಳು ಬಂದವು, ಚರ್ಮವನ್ನೇ ಚಿವುಟಿ ಎತ್ತುತ್ತಿವೆ, ಚಿವುಟಿ ಎತ್ತುತ್ತಿವೆ, ಎರಡು ಬೆರಳು