ಹೇಗೆ ಎಂದು ಕೇಳುವವರು

ನನ್ನ ಭಾವನಿಗೆ ಬೀಗದ ಕೆಲಸದ ಗಂಧಗಾಳಿಯೂ ಗೊತ್ತಿಲ್ಲ. ಆದರೂ ನಮ್ಮ ಬೀಗದಂಗಡಿಯ ವೆಬ್‌ಸೈಟ್ ಅವರದೇ ಕೈಯಲ್ಲಿ. ಅಳಿಯ ಆಡಿದ್ದೇ ವೇದವಾಕ್ಯ ಅಪ್ಪನಿಗೆ. ಹದಿನಾರು ವರ್ಷ ಕೀಲಿಗಳಿಗೆ ಅರ ಉಜ್ಜಿ ಬೆರಳು ಸವೆಸಿಕೊಂಡವಳು ನಾನು. ತಿಂಗಳ ಕೊನೆಯೊಳಗೆ ಗಿರಾಕಿಗಳ ಫೋನ್ ಬಾರದಿದ್ದರೆ ಮಳಿಗೆಯನ್ನು ಬಾಡಿಗೆಗೆ ಕೊಟ್ಟುಬಿಡುತ್ತೇನೆ ಎಂದು ಅಪ್ಪ ಹೇಳಿಯಾಗಿತ್ತು. ಆಮೇಲೆ ನಾನೆಲ್ಲಿಗೆ ಹೋಗಲಿ?

"ನಾಲ್ಕು ಸಾವಿರ ಜನ ನೋಡಿದ್ದಾರೆ!" ಎಂದು ಭಾವ ಮೊಬೈಲನ್ನು ನನ್ನ ಮೂಗಿಗೇ ಹಿಡಿದರು. ನೆಟ್‌ನಲ್ಲಿ ಜನ ಹುಡುಕಿದಾಗ ನಮ್ಮ ಅಂಗಡಿ ಕಾಣಲೆಂದು ಅವರು ಆರಿಸಿದ್ದ ಪದಗಳು: 'ಕೀಲಿ ಇಲ್ಲದೆ ಬೀಗ ತೆಗೆಯುವುದು ಹೇಗೆ'.

"ನೋಡಿದ್ರು ಸರಿ, ಒಬ್ಬರಾದ್ರೂ ಫೋನ್ ಮಾಡಿದ್ರಾ? ಹೇಗೆ ಅಂತ ಕೇಳೋನು ಪುಕ್ಕಟೆ ಕಲಿಯೋಕೆ ಬರ್ತಾನೆ ಭಾವ. ಓದ್ಕೊಂಡು ಹೇರ್‌ಪಿನ್ ತಿರುಗಿಸ್ತಾನೆ. ಮನೆ ಹೊರಗೆ ಸಿಕ್ಕಿಹಾಕ್ಕೊಂಡೋನು ಪಾಠ ಹುಡುಕಲ್ಲ, ಆಳು ಹುಡುಕ್ತಾನೆ."

"ಹಂಗೆ ಹುಡುಕೋರು ತಿಂಗಳಿಗೆ ಬರೀ ಅರವತ್ತು ಜನ! ಕೈಲಾಗದೋರು ಮೈ ಪರಚಿಕೊಂಡ್ರಂತೆ. ಹೋಗು, ನಿನ್ನ ಕೆಲಸ ನೋಡು."

"ಆ ಅರವತ್ತೇ ಸಾಕು ನಂಗೆ!"

ಅಪ್ಪ ಓದುತ್ತಿದ್ದ ಪೇಪರಿನಿಂದ ತಲೆಯನ್ನೇ ಎತ್ತಲಿಲ್ಲ.

ಭಾನುವಾರ ಮಧ್ಯಾಹ್ನ ಅಕ್ಕ ಮಗುವನ್ನು ಎತ್ತಿಕೊಂಡು ಅಂಗಡಿಗೆ ನುಗ್ಗಿದಳು. ಹಿಂದೆಯೇ ಭಾವ. ಗಾಳಿಗೆ ಬಾಗಿಲು ಬಡಿದು ಲಾಕ್ ಆಗಿ, ಮಗು ಒಳಗೆ, ಇವರಿಬ್ಬರೂ ಹೊರಗೆ, ಒಂದು ಗಂಟೆ ನಿಂತಿದ್ದರಂತೆ.

"ಒಂದು ಗಂಟೇನಾ? ಇಲ್ಲಿಂದ ನಿಮ್ಮನೆಗೆ ಹತ್ತು ನಿಮಿಷ ಅಲ್ವೇನೇ ಅಕ್ಕ!"

"ನಿನ್ನ ಕರೀತೀನಿ ಅಂದ್ರೆ ಇವರು ಬಿಡಲಿಲ್ಲ ಕಣೇ. ಫೋನಲ್ಲಿ ಹುಡುಕಿ ಯಾರನ್ನೋ ಕರೆಸಿದ್ರು. ಅವನು ಬಂದು ತೆಗೆಯೋ ಹೊತ್ತಿಗೆ ಗಂಟೆ ಆಯ್ತು."

"ಏನಂತ ಹುಡುಕಿದ್ರಿ ಭಾವ?"

ಭಾವ ಬೀಗಗಳ ಕಪಾಟು ನೋಡುತ್ತಾ ನಿಂತರು. ಅಕ್ಕನೇ ಸಿಡುಕಿದಳು: "'ಬೀಗ ತೆಗೆಯುವವರು, ತಕ್ಷಣ' ಅಂತ. ಮಗು ಒಳಗೆ ಅಳ್ತಿರೋವಾಗ ಇನ್ನೇನಂತ ಹುಡುಕ್ತಾರೆ?"

ಅಪ್ಪ ಪೇಪರ್ ಮಡಿಸಿಟ್ಟು ಅಳಿಯನ ಕಡೆ ತಿರುಗಿದರು. "ವೆಬ್‌ಸೈಟಿನ ಪಾಸ್‌ವರ್ಡ್ ಅವಳಿಗೆ ಬರ್ಕೊಡಿ," ಎಂದರು.

ಗೆದ್ದೆನೆಂದು ಒಂದು ಚೂರೂ ಖುಷಿಯಾಗಲಿಲ್ಲ. ಅತ್ತು ಅತ್ತು ಮಗುವಿನ ದನಿಯೇ ಬಿದ್ದುಹೋಗಿತ್ತು. ನನ್ನನ್ನು ಕರೆಯಬಾರದೆಂಬ ಒಂದೇ ಹಟಕ್ಕೆ ಈ ಭಾವ ತಮ್ಮದೇ ಮಗುವನ್ನು ಅಷ್ಟು ಹೊತ್ತು ಅಳಲು ಬಿಟ್ಟಿದ್ದರು.

"ಬರೀರಿ," ಎಂದು ಪೆನ್ನನ್ನು ಅವರ ಮುಂದೆ ಎಸೆದೆ.