ಹಾವಿಗೆ ಹಾಸಿದ ಮರದ ಹೊಟ್ಟು

ಬೆಳಗಿನಿಂದ ಇಲ್ಮಾಳ ಸಾಕುಹಾವು ಬಾಯಿ ತೆರೆದುಕೊಂಡೇ ಉಸಿರಾಡುತ್ತಿತ್ತು. ಪಶುವೈದ್ಯೆ ಫೋನಿನಲ್ಲಿ ಮೊದಲು ಕೇಳಿದ್ದು, “ಹಾವಿನ ಪೆಟ್ಟಿಗೆಯಲ್ಲಿ ಏನು ಹಾಸಿದ್ದೀರಿ?”

ಹಾಸಿದ್ದವನು ಅವಳ ಅಪ್ಪ ಔಲಿಸ್, ಸೌನಾ ಎಂಬ ಬಿಸಿಹಬೆ ಸ್ನಾನದ ಕೋಣೆಗಳನ್ನು ಕಟ್ಟುವ ಬಡಗಿ. ನಿನ್ನೆಯಷ್ಟೇ ಪೈನ್ ಮರದ ಹಸಿ ಹೊಟ್ಟು ತಂದು ಸುರಿದಿದ್ದ.

“ಎಂಥಾ ಘಮ ನೋಡೇ! ನಾನೇ ಅದ್ರ ಮೇಲೆ ಮಲಗ್ಬಿಡ್ತಿದ್ದೆ,” ಎಂದ ಔಲಿಸ್.

“ಮತ್ತೆ ಸೌನಾ ಬೆಂಚನ್ನ ಪೈನ್‌ನಲ್ಲಿ ಯಾಕಪ್ಪಾ ಮಾಡಲ್ಲ?”

“ಹುಚ್ಚೀ, ಬಿಸಿಗೆ ರಾಳ ಬಿಟ್ಟು ಅಂಡು ಸುಡುತ್ತೆ! ಆಸ್ಪೆನ್ ಮರ ಆದ್ರೆ ರಾಳಾನೇ ಇರಲ್ಲ…”

ಅವನ ಕಣ್ಣು ಹಾವನ್ನು ಬೆಚ್ಚಗಿಡಲು ಪೆಟ್ಟಿಗೆಯ ಮೇಲೆ ಇಟ್ಟಿದ್ದ ಬಿಸಿದೀಪಕ್ಕೆ ಹೋಯಿತು. ಅದರ ಶಾಖಕ್ಕೆ ರಾಳದ ಘಮ ಒಳಗೆಲ್ಲ ತುಂಬಿತ್ತು. ಹಾವು ಬೆಳಗಿನಿಂದ ಉಸಿರಾಡುತ್ತಿದ್ದುದು ಅದನ್ನೇ.

ಇಲ್ಮಾ ಹಾವನ್ನು ಹೊರತೆಗೆದಳು. ಔಲಿಸ್ ಹೊಟ್ಟನ್ನೆಲ್ಲ ಬಾಚಿ ಎಸೆದು, ಪೆಟ್ಟಿಗೆ ಒರೆಸಿ, ಆಸ್ಪೆನ್ ಹೊಟ್ಟು ಹಾಸಿದ. ಆಮೇಲೆ ಹಾವನ್ನು ಒಳಗೆ ಬಿಟ್ಟು ಇಬ್ಬರೂ ಅದರ ಉಸಿರನ್ನೇ ನೋಡುತ್ತ ಕೂತರು. ಮಧ್ಯಾಹ್ನದ ಹೊತ್ತಿಗೆ ಅದು ಬಾಯಿ ಮುಚ್ಚಿ ಸರಾಗವಾಗಿ ಉಸಿರಾಡತೊಡಗಿತು.