ಹದಿಮೂರನೆಯ ಪಿನ್ನು

ಸತ್ತವನ ಉಡದಾರದ ಗಂಟು ಬಿಚ್ಚಲಾಗದೆ ಶಿಷ್ಯ ಕನಕಪ್ಪ ಒದ್ದಾಡುತ್ತಿದ್ದ. ಮೂವತ್ತು ವರ್ಷ ಮೈಲಾರಪ್ಪನ ಸೊಂಟಕ್ಕೆ ಅಂಟಿಕೊಂಡಿದ್ದ ಪೆಟ್ಟಿಗೆಯ ಕೀಲಿಕೈ ಆ ದಾರದಲ್ಲಿತ್ತು. ಹೊರಗೆ ಹಂಡೆಯಲ್ಲಿ ಮೈತೊಳೆಯುವ ನೀರು ಕಾದಿತ್ತು.

"ಹರದ ಬಿಡೋ ಕನಕಾ, ಇನ್ನ ನಿಮ್ಮ ಕಾಕಾಗ ಅದು ಯಾತಕ್ಕ?" ಎಂದಳು ಉಚ್ಚಂಗೆವ್ವ. ಗಂಡನ ತಲೆಯ ಹತ್ತಿರ ಕುಳಿತವಳ ಕಣ್ಣು ಅತ್ತು ಅತ್ತು ಬಾತಿದ್ದರೂ ದನಿ ಗಟ್ಟಿಯಿತ್ತು. "ಶೆಡ್ಡಿಗೆ ಹೋಗಿ ಪೆಟ್ಟಿಗ್ಯಾಗಿನ ಅಳತಿ ಸಾಮಾನ ತಗೊಂಡು ಬಾ. ಅದನ್ನ ಅವರ ಕೈಯಾಗ ಇಟ್ಟ ಮಣ್ಣ ಮಾಡೂನು."

"ಆತು ಕಾಕಿ."

"ಇನ್ನೊಂದು ಕೇಳು. ಬ್ಯಾಡಗಿ ಭುವನಾಗ ಫೋನ್ ಮಾಡಸೇನಿ, ಬರಾಕತ್ತಾಳ. ಮಣ್ಣ ಹಾಕೂಕಿಂತ ಮೊದಲ ಆಕಿ ಮಂದಿ ಮುಂದ ಹೇಳಬೇಕು, ರಾಕೆಟ್ ಬಿದ್ದದ್ದು ಇವರ ಕೈಯಿಂದ ಅಲ್ಲಂತ. ಕಣ್ಣ ಕಾಣಲಾರದ ಮುದುಕ ರಾಕೆಟ್ ಮಾಡಾಕ ಹೋದ ಅನ್ನೂ ಮಾತು ಇವರ ಸಂಗಾಟ ಕುಣಿಗೆ ಇಳೀಬಾರದು."

ಕನಕಪ್ಪ ಬ್ಲೇಡಿನಿಂದ ದಾರ ಕೊಯ್ದ. ಅಂಗೈಗೆ ಬಿದ್ದ ಕೀಲಿಕೈ ತಣ್ಣಗಿತ್ತು. ಉಚ್ಚಂಗೆವ್ವನ ಮುಖ ನೋಡುವ ಧೈರ್ಯವಾಗದೆ ಅವನು ಲಗುಬಗೆಯಿಂದ ಹೊರಬಿದ್ದ.

ಹಲಗೇರಿ ರಸ್ತೆಯ ಶೆಡ್ಡಿನಲ್ಲಿ ಲೇತ್ ಯಂತ್ರದ ಮೇಲೆ ಮೈಲಾರಪ್ಪನ ಟವೆಲ್ಲು ಇನ್ನೂ ಹಾಗೇ ನೇತಾಡುತ್ತಿತ್ತು. ಖಾರ ಕುಟ್ಟುವ ಗಿರಣಿಗಳ ಶಾಫ್ಟು, ಹತ್ತಿ ಯಂತ್ರದ ಬುಶ್ಶು ಮಾಡಿಕೊಂಡು ತಣ್ಣಗಿದ್ದ ಶೆಡ್ಡು ಅದು. ಬ್ಯಾಡಗಿಯ ಗಿರಣಿ ಮಾಲಕರ ಮಗಳು ಭುವನಾ, ಖಾಸಗಿಯವರ ರಾಕೆಟ್ ಕಂಪನಿಯಲ್ಲಿ ಇಂಜಿನಿಯರಾದವಳು, ಮೈಲಾರಪ್ಪನ ಕೈ ಗುಣ ಬಲ್ಲವಳಾದ್ದರಿಂದ ಇಂಧನದ ವಾಲ್ವಿಗೆ ಬೇಕಾದ ಪಿನ್ನುಗಳ ಕೆಲಸವನ್ನು ಇಲ್ಲಿಗೇ ತಂದಿದ್ದಳು. ಊರು ಬೀಗಿದ್ದೇ ಬೀಗಿದ್ದು.

ಕನಕಪ್ಪ ಪೆಟ್ಟಿಗೆ ತೆರೆದ. ಮೈಕ್ರೋಮೀಟರು ಎಣ್ಣೆಬಟ್ಟೆಯಲ್ಲಿ ಮಲಗಿತ್ತು. ಅದರ ಕೆಳಗೆ ಚೀಟಿಯಲ್ಲಿ ಸುತ್ತಿದ, ಕಿರುಬೆರಳುದ್ದದ ಒಂದು ಉಕ್ಕಿನ ಪಿನ್ನು. ಚೀಟಿ ಬಿಡಿಸಿ, ಬಾಗಿಲ ಬೆಳಕಿನಲ್ಲಿ ಕುಳಿತು ಓದಿದ.

"ತಣ್ಣಗಾದ ಮ್ಯಾಲೆ ಅಳದದ್ದು. ಒಂದು ಕಡಿಮಿ." ಮೈಲಾರಪ್ಪನದೇ ಅಕ್ಷರ. ಕೆಳಗೆ ತಾರೀಖು. ರಾಕೆಟ್ ಬಿದ್ದ ಮರುದಿನದ್ದು.

ಒಂದು ಎಂದರೆ ಮಿಲಿಮೀಟರಿನ ನೂರನೇ ಒಂದು ಪಾಲು. ತಲೆಗೂದಲನ್ನು ಉದ್ದಕ್ಕೆ ಏಳು ಸೀಳು ಮಾಡಿದರೆ ಅದರಲ್ಲೊಂದು ಸೀಳು. ಖಾರದ ಗಿರಣಿಯವರಾದರೆ ಅದನ್ನು ಮೂಸಿಯೂ ನೋಡುತ್ತಿರಲಿಲ್ಲ. ಅಂದರೆ ರಾಕೆಟ್ ಬಿದ್ದಾಗಿನಿಂದ ಎರಡು ವರ್ಷ ಈ ಮುದುಕನಿಗೆ ಎಲ್ಲಾ ಗೊತ್ತಿತ್ತು.

*

ರಾಕೆಟ್ ಹಾರುವುದಕ್ಕೂ ಮುಂಚಿನ ಮಾತು. ಅಂದು ಮೈಲಾರಪ್ಪ ಕಣ್ಣಿನ ಪೊರೆ ತೆಗೆಸಲು ಹೆಂಡತಿಯೊಡನೆ ಹಾವೇರಿಗೆ ಹೋಗಿದ್ದ. ಪಿನ್ನುಗಳಿಗೆ ಕೊನೆಯ ಹೆರೆತ ಬಾಕಿಯಿತ್ತು. ಎರಡು ದಿನ ಬಿಟ್ಟು ಬರಬೇಕಾಗಿದ್ದ ಕಂಪನಿಯ ವ್ಯಾನು ಅಂದೇ ಬಂದು, ಬಾಗಿಲಲ್ಲಿ ನಿಂತು ಹಾರ್ನು ಒದರತೊಡಗಿತು.

ಶೆಡ್ಡಿನ ಕಟ್ಟಳೆ ಒಂದೇ. ಲೇತಿನಿಂದ ಇಳಿದ ಸಾಮಾನು ಒಂದು ರಾತ್ರಿ ಮಣ್ಣಿನ ಗಡಿಗೆಯಲ್ಲಿ ಆರಬೇಕು, ಅಳತೆ ಏನಿದ್ದರೂ ಬೆಳಿಗ್ಗೆ. "ಬಿಸಿ ಇದ್ದಾಗ ಎಲ್ಲಾನೂ ದೊಡ್ಡದ ಕಾಣತೈತಿ. ಆರಲಿ ತಡಿ" ಎಂಬುದು ಮೈಲಾರಪ್ಪನ ಬಾಯಿಪಾಠ. ಹಾರ್ನಿನ ಗದ್ದಲದಲ್ಲಿ ಬಾಯಿಪಾಠ ಯಾರಿಗೆ ನೆನಪಿರುತ್ತದೆ? ಕನಕಪ್ಪ ಹೆರೆದ, ಇಳಿಸಿದ, ಒರೆಸಿ ಬಿಸಿಬಿಸಿ ಇದ್ದಾಗಲೇ ಅಳೆದ. ಅಳತೆ ಕೂದಲೆಳೆ ಸರಿಯದಷ್ಟು ಬರೋಬ್ಬರಿ! ಹನ್ನೆರಡನ್ನು ವ್ಯಾನಿಗೆ ಕೊಟ್ಟ. ಹದಿಮೂರನೆಯದನ್ನು ಗಡಿಗೆಯಲ್ಲಿಟ್ಟ. ರೈತ ಬೀಜಕ್ಕೆಂದು ತೆಗೆದಿಡುವಂತೆ ಪ್ರತಿ ಕೆಲಸದಲ್ಲೂ ಒಂದನ್ನು ಉಳಿಸಿಕೊಳ್ಳುವುದು ಮೈಲಾರಪ್ಪನ ಚಾಳಿ.

ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಬಂದ ಮೈಲಾರಪ್ಪ ಕೇಳಿದ್ದು ಒಂದೇ ಮಾತು. "ಆರಿದ ಮ್ಯಾಲೆ ಅಳದಿ ಇಲ್ಲೋ?"

"ಹೌದ್ರಿ ಕಾಕಾ," ಎಂದಿದ್ದ ಕನಕಪ್ಪ.

ರಾಕೆಟ್ ಹಾರಿದ ದಿನ ಶೆಡ್ಡಿನಲ್ಲಿ ಪೇಢೆ ತಂದಿಟ್ಟಿದ್ದರು. ಐವತ್ತೆಂಟನೆಯ ಸೆಕೆಂಡಿಗೆ ಮೊಬೈಲಿನಲ್ಲಿ ಬರೀ ಹೊಗೆ ಕಂಡಿತು. ತನಿಖೆಯವರು ಬಂದು ಪಿನ್ನು ಮಾಡಿದವರಾರು ಎಂದಾಗ ಮೈಲಾರಪ್ಪ ಎದೆ ಮುಟ್ಟಿಕೊಂಡು "ನಾನ್ರಿ. ಹನ್ನೆರಡೂ ನನ್ನ ಕೈಯಿಂದನ ಆಗ್ಯಾವ" ಎಂದ. ಅಲ್ಲೇ ಇದ್ದ ಕನಕಪ್ಪ ನೆಲ ನೋಡುತ್ತ ನಿಂತ. ತನ್ನ ಕೆಲಸದ ಮೇಲಿನ ನಂಬಿಕೆಯಿಂದ ಕಾಕಾ ಹಾಗೆ ಅಂದನೆಂದು ಇಷ್ಟು ದಿನ ತಿಳಿದಿದ್ದ. ಆಮೇಲೆ ಬಿದ್ದವನ ಮೇಲೆ ಆಳಿಗೊಂದು ಕಲ್ಲು. ಖಾರದ ಗಿರಣಿಯವರೂ ಬೇರೆ ಶೆಡ್ಡು ಹುಡುಕಿಕೊಂಡರು.

*

"ಕನಕಣ್ಣಾ, ಹೆಣ ಎತ್ತಾಕ ನಿಂತಾರ, ಬಾ."

ಬಾಗಿಲಲ್ಲಿ ಭುವನಾ ನಿಂತಿದ್ದಳು. ಕನಕಪ್ಪ ಅಳುತ್ತ ಒಂದೂ ಬಿಡದೆ ಎಲ್ಲವನ್ನೂ ಅವಳ ಮುಂದೆ ಒದರಿದ. ಪಿನ್ನನ್ನು ಮುಂದೆ ಚಾಚಿದ. "ಇದನ್ನ ನಿಮ್ಮ ಕಂಪನಿಗೆ ಕೊಡ್ರಿ ತಂಗೀ. ನನ್ನ ಹೆಸರ ಹೇಳ್ರಿ."

ಭುವನಾ ಅದನ್ನು ಮುಟ್ಟಲಿಲ್ಲ. "ಕಂಪನಿ ಎಲ್ಲೈತಿ ಅಣ್ಣಾ? ಹೋದ ದೀಪಾವಳಿಗೆ ಬಾಗಲಾ ಹಾಕ್ಯಾರ. ನಾನ ಈಗ ಬ್ಯಾರೆ ಕಡೆ ಅದೇನಿ."

"ತನಿಖಿ ಮಾಡಿದವರು?"

"ಒಂಬತ್ತು ಕಾರಣ ಬರದು, ಇದರಾಗ ಯಾವದಂತ ಹೇಳಾಕ ಬರೂದಿಲ್ಲಂತ ಸಹಿ ಮಾಡಿ ಎದ್ದ ಹೋದ್ರು. ನಿನ್ನ ಪಿನ್ನೂ ಅದರಾಗ ಒಂದು. ಎಲ್ಲಾ ಸಮುದ್ರದ ತಳಕ್ಕ ಹೋಗೇತಿ."

"ಅಂದ್ರ ನನ್ನಿಂದ ಬಿತ್ತೋ, ಇಲ್ಲೋ?"

"ಯಾರಿಗೂ ಗೊತ್ತಿಲ್ಲ ಅಣ್ಣಾ. ಇನ್ನ ಗೊತ್ತಾಗೂದೂ ಇಲ್ಲ."

ಜೈಲಿಗೆ ಹಾಕುತ್ತಾರೆ ಅಂದಿದ್ದರೆ ಅವನಿಗೆ ಸಮಾಧಾನವಾಗುತ್ತಿತ್ತು. ಪಿನ್ನನ್ನು ಚೀಟಿಯ ಸಮೇತ ಅಂಗಿಯ ಜೇಬಿಗೆ ಹಾಕಿಕೊಂಡು ಎದ್ದ.

*

ಮೇಡ್ಲೇರಿ ರಸ್ತೆಯ ರುದ್ರಭೂಮಿಯಲ್ಲಿ ಬಿಸಿಲು ನೆತ್ತಿಗೇರಿತ್ತು. ಮೈಲಾರಪ್ಪನನ್ನು ಕುಣಿಗೆ ಇಳಿಸಿ, ಭಂಡಾರದ ಅರಿಸಿನ ಎರಚಿ, ಬಲಗೈಯಲ್ಲಿ ಮೈಕ್ರೋಮೀಟರು ಇಟ್ಟರು. ಉಚ್ಚಂಗೆವ್ವ ಭುವನಾಳತ್ತ ತಿರುಗಿದಳು. "ಹೇಳವಾ ಈಗ. ಎಲ್ಲಾರೂ ಕೇಳಲಿ."

ಭುವನಾ ಒಮ್ಮೆ ಕನಕಪ್ಪನನ್ನು ನೋಡಿದಳು. "ಮೈಲಾರಪ್ಪ ಕಾಕಾನ ಕೈಯಿಂದ ಏನೂ ತಪ್ಪಾಗಿಲ್ಲ," ಎಂದಳು.

ಉಚ್ಚಂಗೆವ್ವ ಆಕಾಶಕ್ಕೆ ಕೈ ಮುಗಿದಳು. ಕನಕಪ್ಪನಿಗೆ ತಡೆಯಲಾಗಲಿಲ್ಲ.

"ಕಾಕೀ, ತಪ್ಪ ನಂದು. ಬಿಸಿ ಇದ್ದಾಗನ ಅಳದು ಕೊಟ್ಟಾಂವ ನಾನು. ಕಾಕಾಗ ಸುಳ್ಳ ಹೇಳಿದೆ. ಅಂವಗ ಗೊತ್ತಾದ್ರೂ ನನ್ನ ಹೆಸರ ಎತ್ತಲಿಲ್ಲ."

ಉಚ್ಚಂಗೆವ್ವ ಬಂದು ಅವನ ತಲೆಯನ್ನು ಎದೆಗೆ ಒತ್ತಿಕೊಂಡಳು. "ನೋಡ್ರಿಪಾ! ಸತ್ತಾವರ ಹೆಸರ ಉಳಸಾಕ ತನ್ನ ಮ್ಯಾಲ ಹಾಕ್ಕೊಳಾಕತ್ತಾನ. ಹೊಟ್ಟ್ಯಾಗ ಹುಟ್ಟಿದ ಮಗಾನೂ ಇಷ್ಟ ಮಾಡತಿರಲಿಲ್ಲ!"

"ಶಿಷ್ಯಾ ಅಂದ್ರ ಹಿಂಗಿರಬೇಕು," ಎಂದ ಪಕ್ಕದ ಗ್ಯಾರೇಜಿನ ಚನ್ನೇಶ. ಮೈಲಾರಪ್ಪ ಕುರುಡನೆಂಬ ಮಾತನ್ನು ಮೊದಲು ಆಡಿದವನೂ ಅವನೇ.

"ಖರೇ ಹೇಳಾಕತ್ತೇನಿ! ತಂಗೀ, ನೀವಾರ ಹೇಳ್ರಿ..."

ಭುವನಾ ಉಚ್ಚಂಗೆವ್ವನ ಮುಖ ನೋಡಿದಳು. ಎರಡು ವರ್ಷದ ಮೇಲೆ ಆ ಮುಖ ಸಡಿಲಾಗಿತ್ತು. ಭುವನಾ ಸೆರಗಿನಿಂದ ಕಣ್ಣೊರೆಸಿಕೊಂಡು ಮುಖ ಆ ಕಡೆ ತಿರುಗಿಸಿದಳು.

"ಸಾಕ ಬಿಡೋ ನನ್ನಪ್ಪಾ," ಎಂದಳು ಉಚ್ಚಂಗೆವ್ವ. "ಮಕ್ಕಳಿಲ್ಲದ ಮನಿ ನಮ್ಮದು. ಮೊದಲ ಮಣ್ಣ ನೀನ ಹಾಕು."

ಕನಕಪ್ಪ ಎಡಗೈಯಲ್ಲಿ ಮಣ್ಣು ಹಿಡಿದ. ಬಲಗೈಯಿಂದ ಜೇಬಿನಲ್ಲಿದ್ದ ಪಿನ್ನು ತೆಗೆದ. ಮೈಯ ಕಾವಿಗೋ ಬಿಸಿಲಿಗೋ ಅದು ಬೆಚ್ಚಗಾಗಿತ್ತು. ಕೆಳಗೆ ಮೈಲಾರಪ್ಪನ ಕೈಯಲ್ಲಿ ಮೈಕ್ರೋಮೀಟರು ಬಾಯಿ ತೆರೆದುಕೊಂಡಿತ್ತು.

"ಲಗೂ ಹಾಕಪಾ, ಹೊತ್ತಾತು," ಎಂದರು ಹಿಂದಿನವರು.

ಅವನು ಪಿನ್ನನ್ನು ತೆರೆದ ಅಂಗೈ ಮೇಲಿಟ್ಟುಕೊಂಡು, ಆರಲಿ ಎಂದು, ಆ ಬಿಸಿಲಿನಲ್ಲಿ ಹಾಗೇ ನಿಂತಿದ್ದ.